ಕಿಂಡಿಯ ಮೇಲಂಚು

ಅನುಮಾನ ನನ್ನ ಹುಟ್ಟುಗುಣ ಎನ್ನುತ್ತಾಳೆ ನನ್ನ ಹೆಂಡತಿ. ಅದು ಸುಳ್ಳು. ಅದು ನಾನು ಸಂಬಳ ಪಡೆದು ಕಲಿತ ವಿದ್ಯೆ. ಬ್ಯಾಂಕಿಗೆ ಸೇರಿದ ಹೊಸದರಲ್ಲಿ ತುಮಕೂರಿನ ಶಾಖೆಯಲ್ಲಿ ನನ್ನನ್ನು ಸಹಿ ತಾಳೆ ನೋಡುವ ಮೇಜಿಗೆ ಕೂರಿಸಿದ್ದರು. ಎಡಕ್ಕೆ ಮಾದರಿ ಸಹಿಯ ಕಾರ್ಡು, ಬಲಕ್ಕೆ ಬಂದ ಚೆಕ್ಕು. ಎರಡೂ ಒಂದೇ ಆಗಿದ್ದರೆ ಸರಿ, ಇಲ್ಲದಿದ್ದರೆ ವಾಪಸು. ಕೈ ನಡುಗುವ ನಿವೃತ್ತ ಮೇಷ್ಟರೊಬ್ಬರ ಚೆಕ್ಕನ್ನು ನಾನು ಮೂರು ಸಲ ವಾಪಸು ಮಾಡಿದ್ದೆ. ಅವರು ಎದುರಿಗೇ ನಿಂತು, ‘ನಾನೇ ಕಣಯ್ಯ’ ಎನ್ನುತ್ತಿದ್ದರು. ಅವರೇ ಎಂದು ನನಗೂ ಗೊತ್ತಿತ್ತು. ಆದರೆ ಸಹಿ ಅವರದಾಗಿರಲಿಲ್ಲ. ಆ ಕೆಲಸ ಬಿಟ್ಟು ಇಪ್ಪತ್ತು ವರ್ಷ ಕಳೆದರೂ ನನ್ನ ಕಣ್ಣು ಇನ್ನೂ ಅದೇ ಮೇಜಿನಲ್ಲಿ ಕೂತಿದೆ. ಹಾಲಿನ ಪ್ಯಾಕೆಟ್ಟನ್ನು ಅಮುಕಿ ನೋಡುತ್ತೇನೆ. ಆಟೋದವನು ಬೇರೆ ದಾರಿ ಹಿಡಿದರೆ ಬೆನ್ನು ನೆಟ್ಟಗಾಗುತ್ತದೆ. ಯಾರಾದರೂ ಸುಮ್ಮಸುಮ್ಮನೆ ಒಳ್ಳೆಯವರಾಗಿ ನಡೆದುಕೊಂಡರಂತೂ ಮುಗಿಯಿತು, ಆ ದಿನ ನನಗೆ ಊಟ ಸೇರುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಮೊದಲೇ ಹೇಳಿಬಿಡಬೇಕು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ನನ್ನ ಎಡಗಾಲಿನ ಬಲವನ್ನು ಕೊಂಡೊಯ್ದಿತು. ನಡೆಯುತ್ತೇನೆ, ಕೊಂಚ ಎಳೆದು. ಪ್ಯಾಂಟು ಸಡಿಲವಾಗಿ ಹೊಲಿಸಿದರೆ ಹೊಸಬರಿಗೆ ತಕ್ಷಣ ಗೊತ್ತಾಗುವುದಿಲ್ಲ. ಆದರೆ ಅದರ ಮೇಲೆ ಪೂರ್ತಿ ಭಾರ ಬಿಟ್ಟರೆ ಮಂಡಿ ಮಡಚಿಕೊಳ್ಳುತ್ತದೆ. ಇಂಥ ಕಾಲಿಟ್ಟುಕೊಂಡು ನಾನು ಗೇರಿನ ಹಳೇ ಸ್ಕೂಟರ್ ಓಡಿಸುತ್ತೇನೆ. ಎರಡು ಚಕ್ರದ್ದು. ಹಿಂದಿನ ಚಕ್ರದ ಅಕ್ಕಪಕ್ಕ ಇನ್ನೆರಡು ಚಕ್ರ ಹಾಕಿಸಿಕೊಳ್ಳಿ ಎಂದು ಹೇಳದವರಿಲ್ಲ, ನಾನು ಕೇಳಿದ್ದೂ ಇಲ್ಲ.

ಗಾಡಿ ಓಡುವಾಗ ತೊಂದರೆಯೇನಿಲ್ಲ, ನಿಲ್ಲುವಾಗಲೇ ಎಲ್ಲ. ಬಲಗಾಲು ಬ್ರೇಕಿನ ಮೇಲಿರುತ್ತದೆ, ನೆಲಕ್ಕೆ ಊರಬೇಕಾದದ್ದು ಎಡಗಾಲು. ಬಲಕ್ಕೆ ವಾಲಿಸೋಣವೆಂದರೆ ಈ ಸ್ಕೂಟರುಗಳ ಎಂಜಿನ್ ಇರುವುದೇ ಬಲಪಕ್ಕದಲ್ಲಿ, ಒಮ್ಮೆ ವಾಲಿದರೆ ತಡೆಯುವುದು ಕಷ್ಟ. ಹಾಗಾಗಿ ನಾನು ಕಂಡುಕೊಂಡ ಉಪಾಯ, ನಿಲ್ಲದಿರುವುದು. ಸಿಗ್ನಲ್ ಕೆಂಪಾಗಿದ್ದರೆ ದೂರದಿಂದಲೇ ವೇಗ ಇಳಿಸಿ, ಮೊದಲನೇ ಗೇರಿನಲ್ಲಿ, ನಡೆಯುವವರಿಗಿಂತ ನಿಧಾನವಾಗಿ ತೆವಳುತ್ತ, ಹಸಿರು ಬರುವ ಹೊತ್ತಿಗೆ ಸರಿಯಾಗಿ ಗೆರೆ ಮುಟ್ಟುವುದು. ಮೂವತ್ತು ವರ್ಷ ಹೀಗೇ ನಡೆಸಿದ್ದೇನೆ. ಇದಕ್ಕೆ ಬೇಕಾದದ್ದು ಒಂದೇ, ತೆವಳುವಾಗ ಉಸಿರು ಬಿಡದ ಎಂಜಿನ್.

ವಿಜಯವಾಡಕ್ಕೆ ವರ್ಗವಾಗಿ ಬಂದ ಮೊದಲ ಬೇಸಿಗೆಯಲ್ಲೇ ಗಾಡಿಯ ಎಂಜಿನ್ ಏಲೂರು ರಸ್ತೆಯಲ್ಲಿ ಕಚ್ಚಿಕೊಂಡು ನಿಂತಿತು. ಆ ಊರಿನ ಬಿಸಿಲಿಗೆ ಮನುಷ್ಯರೇ ನಿಲ್ಲುತ್ತಾರೆ, ಅದರ ತಪ್ಪೇನು. ಆಟೋನಗರದಲ್ಲಿ ಎಂಜಿನ್ನಿನ ಸಿಲಿಂಡರ್ ಕೆಲಸವನ್ನಷ್ಟೇ ಮಾಡುವ ವಯಸ್ಸಾದ ಮೇಸ್ತ್ರಿಯೊಬ್ಬರಿದ್ದಾರೆ, ಅವರಿಗೆ ಕನ್ನಡವೂ ಬರುತ್ತದೆ ಎಂದು ಯಾರೋ ಹೇಳಿದರು. ಪ್ರಾಯದಲ್ಲಿ ಹತ್ತು ವರ್ಷ ಬಳ್ಳಾರಿಯ ಲಾರಿ ಶೆಡ್ಡುಗಳಲ್ಲಿ ದುಡಿದವರಂತೆ. ಕನ್ನಡ ಬರುತ್ತದೆ ಎಂಬುದೇ ನನಗೆ ಮೊದಲ ಅನುಮಾನವಾಯಿತು. ಪರವೂರಿನಲ್ಲಿ ನಮ್ಮ ಭಾಷೆ ಆಡಿ ಕರೆಯುವ ಅಂಗಡಿಯವರ ಬಗ್ಗೆ ನನಗೆ ಅನುಭವ ಸಾಕಷ್ಟಿದೆ.

ಮೇಸ್ತ್ರಿ ಸಿಲಿಂಡರ್ ಬಿಚ್ಚಿ, ಒಳಗೆ ಬೆರಳಾಡಿಸಿ, ‘ಪೂರಾ ತಿಂದುಬಿಟ್ಟೈತಿ ಸಾರ್. ಇನ್ನ ಬೋರ್ ಹೊಡೆದ್ರ ತಡಿಯಂಗಿಲ್ಲ. ಒಳಗ ಹೊಸ ಸ್ಲೀವ್ ಕೂಡಿಸಬೇಕು’ ಎಂದರು. ಬೋರ್ ಹೊಡೆಯುವುದೆಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆದು ಅಗಲಿಸುವುದು; ಸ್ಲೀವ್ ಎಂದರೆ ಸವೆದ ಸಿಲಿಂಡರಿನೊಳಗೆ ಬಿಗಿಯಾಗಿ ಇಳಿಸುವ ಕಬ್ಬಿಣದ ಕೊಳವೆ. ಪಿಸ್ಟನ್ ಆಮೇಲೆ ಅದರೊಳಗೇ ಓಡಾಡುತ್ತದೆ. ಹೊಗೆ ಹೊರಹೋಗುವ ಕಿಂಡಿಯನ್ನು, ಅಂದರೆ ಪೋರ್ಟನ್ನು, ಆ ಕೊಳವೆಯಲ್ಲಿ ಕೈಯಿಂದಲೇ ಕೊರೆದು ಮಾಡಬೇಕು.

ಒಪ್ಪಿದೆ. ಹೊರಡುವಾಗ ಅವರು ನನ್ನ ನಡಿಗೆಯನ್ನು ನೋಡುತ್ತಲೇ ಕೇಳಿದರು. ‘ಕಾಲಿಗೇನಾತು ಸಾರ್?’

‘ನೀವು ಎಂಜಿನ್ ನೋಡಿ, ಸಾಕು’ ಎಂದೆ. ಹಾಗೆ ಹೇಳಿದ್ದಕ್ಕೆ ನನಗೆ ಆಗ ಸ್ವಲ್ಪವೂ ಬೇಜಾರಾಗಲಿಲ್ಲ.

ನಾಲ್ಕನೇ ದಿನ ಗಾಡಿ ಸಿದ್ಧವಾಗಿತ್ತು. ಕಿಂಡಿ ಕೊರೆಯುವುದನ್ನು ನಾನೇ ನಿಂತು ನೋಡಬೇಕೆಂದಿದ್ದೆ. ಅವರು ಅದನ್ನು ನಾನಿಲ್ಲದಾಗ ಮುಗಿಸಿಬಿಟ್ಟಿದ್ದರು. ಇದು ಎರಡನೇ ಅನುಮಾನ. ಶೆಡ್ಡಿನ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರಲು ಹೇಳಿ, ಬಾಗಿಲಲ್ಲಿ ನಿಂತು ನಾನು ಹೋಗುವುದನ್ನೂ ತಿರುಗುವುದನ್ನೂ ಕಣ್ಣು ಕಿರಿದು ಮಾಡಿ ನೋಡಿದರು. ಎಂಜಿನ್ನಿಗೆ ಕಿವಿ ಕೊಡಬೇಕಾದವರು ನನ್ನನ್ನು ಯಾಕೆ ನೋಡಬೇಕು? ಇದು ಮೂರನೆಯದು. ಮನೆಗೆ ಬರುವಾಗ ಬಂದರ್ ರಸ್ತೆಯಲ್ಲಿ ಕೈ ತಿರುವಿದರೆ ಮೊದಲು ಅರವತ್ತೈದು ದಾಟುತ್ತಿದ್ದ ಗಾಡಿ ಐವತ್ತಕ್ಕೇ ಸಾಕಪ್ಪ ಎನ್ನುತ್ತಿತ್ತು. ಎಳೆತ ಮಾತ್ರ ಬಹಳ ಚೆನ್ನಾಗಿತ್ತು. ಸಿಗ್ನಲ್ಲಿನ ಮುಂದೆ ಎಮ್ಮೆಯ ಹಾಗೆ ತೆವಳುತ್ತಿತ್ತು, ಒಂದು ಸಲವೂ ಆರಲಿಲ್ಲ. ಆದರೂ ಆ ಹದಿನೈದು ಎಲ್ಲಿ ಹೋಯಿತು ಎಂಬ ಮುಳ್ಳು ನನ್ನಲ್ಲಿ ಉಳಿಯಿತು. ಒಳ್ಳೆಯದು ಬಂದದ್ದನ್ನು ನಾನು ಎಣಿಸಲಿಲ್ಲ, ಹೋದದ್ದನ್ನೇ ಎಣಿಸಿದೆ.

ಎರಡು ವರ್ಷ ಒಂದೂ ತೊಂದರೆಯಿಲ್ಲದೆ ಓಡಿತು. ಅಷ್ಟರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಗಾಜುವಾಕದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ ಹಿಡಿದೆವು. ಸ್ಟೀಲ್ ಪ್ಲಾಂಟಿನ ಬಸ್ಸುಗಳು, ಬಂದರಿನ ಲಾರಿಗಳು, ಆಟೋಗಳು ಎಲ್ಲ ಒಂದೇ ರಸ್ತೆಗೆ ಬಂದು ಸೇರುವ ಜಾಗ ಅದು. ಅಲ್ಲಿ ಯಾರೂ ಓಡಿಸುವುದಿಲ್ಲ, ಎಲ್ಲರೂ ತೆವಳುತ್ತಾರೆ. ನನಗೆ ಅನುಕೂಲವೇ ಆಯಿತು.

ಒಂದು ಭಾನುವಾರ ಸೈಲೆನ್ಸರಿನ ಮಸಿ ತೆಗೆಸಲು ಬೀದಿಯ ಮೆಕ್ಯಾನಿಕ್ ಹತ್ತಿರ ಹೋದೆ. ಸಣ್ಣ ವಯಸ್ಸಿನವನು, ಮಾತು ಕಡಿಮೆ. ಅವನು ಸೈಲೆನ್ಸರ್ ಬಿಚ್ಚಿ ಪಕ್ಕಕ್ಕಿಟ್ಟಾಗ ನಾನು ಫೋನಿನ ಬೆಳಕು ಬಿಟ್ಟು ಕಿಂಡಿಯೊಳಗೆ ಇಣುಕಿದೆ. ಹೊರಗಿನ ದಾರಿ ಅಗಲವಾಗಿ ಬಂದು, ಸ್ಲೀವಿನ ಹತ್ತಿರ ಮೇಲ್ಭಾಗದಲ್ಲಿ ಒಂದು ಮೆಟ್ಟಿಲಿನ ಹಾಗೆ ನಿಂತುಬಿಟ್ಟಿತ್ತು. ಒಳಗಿನ ಕಿಂಡಿ ಅದಕ್ಕಿಂತ ಗಿಡ್ಡ. ಮೇಲಂಚು ನೆಟ್ಟಗಿಲ್ಲ, ಕಮಾನಿನಂತೆ ಬಾಗಿತ್ತು. ಅರ್ಧ ಕೊರೆದು ಕೈಬಿಟ್ಟ ಕೆಲಸ ಎಂದುಕೊಂಡೆ. ಆ ಹದಿನೈದು ಎಲ್ಲಿ ಹೋಗಿತ್ತೆಂದು ಎರಡು ವರ್ಷದ ಮೇಲೆ ಸಿಕ್ಕಿತು. ನಿಜ ಹೇಳಬೇಕೆಂದರೆ, ಆ ಕ್ಷಣ ನನಗಾದದ್ದು ದುಃಖವಲ್ಲ, ಒಂದು ಥರದ ಸಂತೋಷ.

ಸಿಲಿಂಡರನ್ನು ಪೂರ್ತಿ ಬಿಚ್ಚಿಸಿದೆ. ಒಳಗೆ ತೆಳ್ಳನೆಯ ಕಾಗದ ಸುತ್ತಿ, ಬೆರಳಿಂದ ಒತ್ತಿ, ಕಿಂಡಿಯ ಅಂಚಿನ ಮೇಲೆ ಪೆನ್ಸಿಲ್ ಸವರಿ ಅದರ ಆಕಾರ ತೆಗೆದೆ. ಮೆಕ್ಯಾನಿಕ್ಕಿನ ಮೂಲೆಯಲ್ಲಿ ಅದೇ ಜಾತಿಯ ಸ್ಕೂಟರಿನ ಹಳೇ ಸಿಲಿಂಡರ್ ಒಂದು ಬಿದ್ದಿತ್ತು, ಕಂಪನಿಯಿಂದ ಬಂದ ಹಾಗೇ ಇದ್ದದ್ದು. ಅದರದ್ದೂ ತೆಗೆದೆ. ಎಡಕ್ಕೆ ಕಂಪನಿಯದು, ಬಲಕ್ಕೆ ನನ್ನದು. ತಾಳೆಯಾಗಲಿಲ್ಲ.

‘ಇದನ್ನು ಅದರ ಹಾಗೆ ಮಾಡಿಕೊಡು’ ಎಂದೆ, ನನ್ನ ಅರೆಬರೆ ತೆಲುಗಿನಲ್ಲಿ.

ಅವನು ಎರಡೂ ಕಾಗದಗಳನ್ನು ನೋಡಿ ತಲೆ ಕೆರೆದುಕೊಂಡ. ‘ಬಂಡಿ ಬಾಗಾನೇ ಲಾಗುತೋಂದಿ ಕದಾ ಸಾರ್.’ ಚೆನ್ನಾಗಿಯೇ ಎಳೆಯುತ್ತಿದೆಯಲ್ಲ, ಯಾಕೆ ಮುಟ್ಟಬೇಕು ಎಂಬ ಮಾತು. ಕೊರೆದ ಲೋಹ ತಿರುಗಿ ಬರುವುದಿಲ್ಲ ಎಂದೂ ಹೇಳಿದ.

ನನಗೆ ಅದು ಬುದ್ಧಿವಾದವಾಗಿ ಕೇಳಲಿಲ್ಲ. ಕಸುಬಿನವರು ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ ಎಂದು ಕೇಳಿತು. ಮನೆಯಲ್ಲಿ ಹೆಂಡತಿಯೂ ಅದನ್ನೇ ಹೇಳಿದಳು. ‘ಎರಡು ವರ್ಷದಿಂದ ಒಂದಿನ ಕೈ ಕೊಟ್ಟಿಲ್ಲ ಕದಾ? ಯಾಕ್ರೀ ಸುಮ್ನೆ ಇರೋದನ್ನ ಕೆದಕ್ತೀರಾ?’ ಎರಡೂವರೆ ವರ್ಷದ ಆಂಧ್ರವಾಸದಲ್ಲಿ ಅವಳ ಬಾಯಿಗೂ ಆ ‘ಕದಾ’ ಬಂದು ಕೂತಿತ್ತು. ಮೆಕ್ಯಾನಿಕ್ಕಿನ ಮಾತು ಇವಳ ಬಾಯಲ್ಲಿ ಹೇಗೆ ಬಂತು ಎಂದು ಒಂದು ಗಳಿಗೆ ಯೋಚಿಸಿದೆನೆಂದರೆ ನೀವು ನಗಬಹುದು.

ಮರುದಿನ ಅವನ ಎದುರಿಗೇ ಸ್ಟೂಲು ಹಾಕಿಕೊಂಡು ಕೂತೆ. ಅವನು ಅರ ಹಿಡಿದು ಉಜ್ಜಿದ. ಮೆಟ್ಟಿಲು ಹೋಯಿತು, ಕಮಾನು ಹೋಯಿತು. ಮೇಲಂಚು ಎರಡು ಕೂದಲಿನಷ್ಟಲ್ಲ, ಕಡ್ಡಿಪೆಟ್ಟಿಗೆಯ ಕಡ್ಡಿಯ ದಪ್ಪದಷ್ಟು ಮೇಲೇರಿತು. ಮತ್ತೆ ಕಾಗದ ಸುತ್ತಿ ನೋಡಿದೆ. ತಾಳೆಯಾಯಿತು.

ಮೊದಲ ದಿನ ಅಚ್ಯುತಾಪುರಂ ಕಡೆಗೆ ಒಂದು ಕಾರ್ಖಾನೆ ನೋಡಿ ಬರುವ ಕೆಲಸವಿತ್ತು. ಹೆದ್ದಾರಿಯಲ್ಲಿ ಗಾಡಿ ಎಪ್ಪತ್ತು ಮುಟ್ಟಿತು. ಸದ್ದೇ ಬೇರೆಯಾಗಿತ್ತು, ಗಂಟಲು ಬಿಟ್ಟು ಕೂಗುವ ಸದ್ದು. ವಯಸ್ಸು ಐವತ್ತರ ಹತ್ತಿರ ಬಂದವನು, ನನ್ನ ಕಾಲಿನ ನೆನಪೇ ಇಲ್ಲದೆ ಹಾಡು ಗುನುಗಿದೆ. ಆ ಮೇಸ್ತ್ರಿ ನನ್ನಿಂದ ಎರಡು ವರ್ಷ ಇಂಥದ್ದನ್ನು ಕಸಿದಿದ್ದ ಎಂದು ಬೈದುಕೊಂಡೆ.

ಎರಡನೇ ದಿನ ಬೆಳಿಗ್ಗೆ ಗಾಜುವಾಕದ ಜಂಕ್ಷನ್ನಿನಲ್ಲಿ ಎಂದಿನಂತೆ ತೆವಳುತ್ತ ಹೋದೆ. ಮುಂದೆ ಪ್ಲಾಂಟಿನ ಬಸ್ಸು, ಪಕ್ಕದಲ್ಲಿ ಲಾರಿ. ಎಂಜಿನ್ ಎರಡು ಸಲ ಕೆಮ್ಮಿತು, ಕೈ ತಿರುವುವ ಮೊದಲೇ ಆರಿತು. ಗಾಡಿ ಎಡಕ್ಕೆ ವಾಲಿತು. ಕಾಲು ಊರಿದೆ, ಮಂಡಿ ಮಡಚಿತು. ಲಾರಿಯವನು ಬ್ರೇಕ್ ಹಾಕದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ನಾಲ್ಕಾರು ಜನ ಎತ್ತಿದರು, ಗಾಡಿಯನ್ನು ಬದಿಗೆ ತಂದರು. ಅವರಲ್ಲೊಬ್ಬ ನನ್ನ ಕಾಲನ್ನು ನೋಡಿ, ಅಕ್ಕಪಕ್ಕ ಚಕ್ರ ಹಾಕಿಸಿಕೊಳ್ಳಬಾರದೇ ಅಂಕಲ್ ಎಂದ. ಬಹಳ ಮೆಲ್ಲಗೆ, ಬಹಳ ಒಳ್ಳೆಯ ದನಿಯಲ್ಲಿ ಹೇಳಿದ. ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು.

ಮನೆಗೆ ಬಂದಾಗ ಹೆಂಡತಿ ಹರಿದ ಅಂಗಿಯನ್ನು ನೋಡಿದಳು, ಮೊಣಕೈ ತೊಳೆದಳು. ಊಟವಾದ ಮೇಲೆ ಎದುರಿಗೆ ಕೂತಳು.

‘ಎಂಜಿನ್ ಮೊದಲಿನ ಹಾಗೆ ಮಾಡಿಸ್ಕೊಳ್ಳಿ, ಇಲ್ಲಾಂದ್ರೆ ಆ ಚಕ್ರ ಹಾಕ್ಸಿ. ಎರಡೂ ಆಗಲ್ಲ ಅಂದ್ರೆ ಬೀಗದ ಕೈ ನನ್ನ ಹತ್ರ ಇರತ್ತೆ. ನಾನು ದಿನಾ ಬಾಲ್ಕನೀಲಿ ನಿಂತು ಕಾಯಕ್ಕಾಗಲ್ಲ.’

ಅವಳು ದಿನಾ ಬಾಲ್ಕನಿಯಲ್ಲಿ ನಿಂತು ಕಾಯುತ್ತಾಳೆಂಬುದು ನನಗೆ ಅಂದೇ ಗೊತ್ತಾದದ್ದು.

ಆ ಚಕ್ರಗಳ ಬಗ್ಗೆ ನನಗೇಕೆ ಅಷ್ಟು ರೋಷ ಎಂದು ನೆಟ್ಟಗಿನ ಕಾಲಿನವರಿಗೆ ಹೇಳಿ ಉಪಯೋಗವಿಲ್ಲ. ಸ್ಕೂಟರಿನ ಮೇಲೆ ಕೂತಿದ್ದಷ್ಟು ಹೊತ್ತು ನಾನು ಎಲ್ಲರ ಹಾಗೆ. ಆ ಚಕ್ರಗಳು ಬಂದರೆ ನೂರು ಅಡಿ ದೂರದಿಂದಲೇ ನನ್ನ ಕಾಲು ಎಲ್ಲರಿಗೂ ಕಾಣುತ್ತದೆ. ನನಗೆ ಆ ಎಂಜಿನ್ನಿನ ಎಳೆತ ವಾಪಸು ಬೇಕಿತ್ತು, ಅಷ್ಟೇ.

ಮೆಕ್ಯಾನಿಕ್ ಕೈ ಚೆಲ್ಲಿಬಿಟ್ಟ. ನೀವು ಹೇಳಿದ್ದನ್ನು ನೀವು ನೋಡುತ್ತಿದ್ದಂತೆಯೇ ಮಾಡಿದ್ದೇನೆ, ಸ್ಲೀವ್ ಹಾಕಿದವರನ್ನೇ ಕೇಳಿ ಎಂದ. ಈಗ ನನ್ನ ಲೆಕ್ಕ ಹೀಗಿತ್ತು: ಇಬ್ಬರಲ್ಲಿ ಒಬ್ಬ ಮೋಸ ಮಾಡಿದ್ದಾನೆ. ಇವನು ಕೆಲಸವನ್ನು ಕಣ್ಣೆದುರಿಗೆ ಮಾಡಿದ್ದಾನೆ, ಆದ್ದರಿಂದ ಮೋಸ ಮಾಡಿದವರು ಆ ಮೇಸ್ತ್ರಿ. ಸ್ಲೀವೇ ಕಳಪೆ ಇರಬೇಕು. ಸಿಲಿಂಡರನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಎರಡೂ ಕಾಗದಗಳನ್ನು ಅಂಗಿಯ ಜೇಬಿನಲ್ಲಿಟ್ಟು, ಶನಿವಾರ ಬೆಳಿಗ್ಗೆ ದುವ್ವಾಡದಲ್ಲಿ ರೈಲು ಹತ್ತಿದೆ. ದಾರಿಯುದ್ದಕ್ಕೂ ಮೇಸ್ತ್ರಿಗೆ ಹೇಳಬೇಕಾದ ಮಾತುಗಳನ್ನು ಹೊಂದಿಸಿಕೊಂಡೆ. ರಾಜಮಂಡ್ರಿ ಬರುವಷ್ಟರಲ್ಲಿ ಚೀಲದ ಎಣ್ಣೆ ಪಕ್ಕದವರ ಪಂಚೆಗೆ ಹತ್ತಿ ಅವರಿಂದ ಬೈಸಿಕೊಂಡೆ.

ಶೆಡ್ಡು ಹಾಗೇ ಇತ್ತು. ಮೇಸ್ತ್ರಿ ಮಾತ್ರ ಬಹಳ ಇಳಿದುಹೋಗಿದ್ದರು. ದಪ್ಪ ಗಾಜಿನ ಕನ್ನಡಕ, ನನ್ನ ಮುಖದ ಹತ್ತಿರಕ್ಕೆ ಬಂದು ನೋಡಿದರೂ ಗುರುತು ಸಿಗಲಿಲ್ಲ. ನಾನು ಮಾತಿಲ್ಲದೆ ಸಿಲಿಂಡರನ್ನು ಅವರ ಕೈಗಿಟ್ಟೆ. ಕಣ್ಣು ಬೇರೆಲ್ಲೋ ಇಟ್ಟು ಒಳಗೆ ಬೆರಳಾಡಿಸಿದರು. ಬೆರಳು ಕಿಂಡಿಯ ಮೇಲಂಚಿಗೆ ಬಂದು ನಿಂತಿತು.

‘ಇದು ನಾನು ಕೂಡಿಸಿದ ಸ್ಲೀವ್. ಬ್ಯಾಂಕಿನ ಸಾರ್ ಅಲ್ಲೇನ್ರಿ?’ ಎಂದರು. ಆಮೇಲೆ ಕೇಳಿದರು. ‘ಇಲ್ಲಿ ಯಾರು ಅರ ಹಾಕ್ಯಾರ?’

‘ನಾನು ಹಾಕಿಸಿದೆ. ನೀವು ಅರ್ಧ ಕೊರೆದು ಬಿಟ್ಟಿದ್ದಿರಿ’ ಎಂದು ಕಾಗದಗಳನ್ನು ತೆಗೆದು ಮೇಜಿನ ಮೇಲೆ ಹರಡಿದೆ. ರೈಲಿನಲ್ಲಿ ಹೊಂದಿಸಿದ ಮಾತುಗಳನ್ನೆಲ್ಲ ಆಡಿದೆ. ಕಳಪೆ ಎಂದೆ, ಕಣ್ಣು ತಪ್ಪಿಸಿ ಮಾಡಿದಿರಿ ಎಂದೆ. ಅವರು ಒಂದಕ್ಕೂ ಸಿಟ್ಟಾಗಲಿಲ್ಲ. ನಾನು ಮುಗಿಸಿದ ಮೇಲೆ ಒಂದು ಪಿಸ್ಟನ್ ತಂದು ಸಿಲಿಂಡರಿನೊಳಗೆ ಬಿಟ್ಟರು.

‘ಇಲ್ಲಿ ಕೈ ಇಡ್ರಿ ಸಾರ್. ಪೆಟ್ರೋಲ್ ಉರದು ಪಿಸ್ಟನ್ನ ಕೆಳಗ ನೂಕತೈತಿ. ಪಿಸ್ಟನ್ನಿನ ತಲಿ ಈ ಮೇಲಂಚು ದಾಟಿತಂದ್ರ ಹೊಗಿ ಹೊರಗ ಹೋತು. ಅಲ್ಲಿಗೆ ನೂಕೋದು ಮುಗೀತು. ಅಂಚು ಮ್ಯಾಲಿದ್ರ ಜಲ್ದಿ ಮುಗೀತೈತಿ, ಕೆಳಗಿದ್ರ ಇನ್ನಷ್ಟು ದೂರ ನೂಕತೈತಿ.’

‘ಮೇಲಿದ್ದರೆ ವೇಗ ಜಾಸ್ತಿಯಾಯಿತಲ್ಲ?’

‘ಓಡುವಾಗ ಹೊಗಿಗೆ ಹೊರಗ ಹೋಗಾಕ ಟೈಮಿರಂಗಿಲ್ಲ. ಕಿಂಡಿ ಜಲ್ದಿ ತೆರದ್ರ ಅದಕ್ಕ ಅನುಕೂಲ. ಹೈವೇದಾಗ ಹಾರತೈತಿ. ಆದ್ರ ಸಾವಕಾಶ ಹೋಗುವಾಗ ಜೀವ ಇರಂಗಿಲ್ಲ. ಇನ್ನ ಮ್ಯಾಲಂಚು ನೆಟ್ಟಗಿದ್ರ ಒಮ್ಮೆಲೆ ತೆರಕೋತೈತಿ, ಕಮಾನಿದ್ರ ಮೆಲ್ಲಕ ತೆರಕೋತೈತಿ, ಪಿಸ್ಟನ್ನಿನ ರಿಂಗೂ ಅಂಚಿಗೆ ಸಿಕ್ಕೊಳ್ಳಂಗಿಲ್ಲ. ಅದಕ್ಕ ಕೆಳಗ ಇಟ್ಟಿದ್ದೆ, ಕಮಾನು ಮಾಡಿದ್ದೆ.’

ಪಿಸ್ಟನ್ನನ್ನು ನಾನೇ ಮೇಲೆ ಕೆಳಗೆ ಆಡಿಸಿ ನೋಡಿದೆ. ಅವರು ಹೇಳಿದ್ದು ಕಣ್ಣಿಗೆ ಕಾಣುವಷ್ಟು ಸರಳವಾಗಿತ್ತು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ‘ಕಂಪನಿಯವರಿಗಿಂತ ನಿಮಗೆ ಹೆಚ್ಚು ಗೊತ್ತೋ?’

‘ಕಂಪನಿಯವರು ನಿಮ್ಮನ್ನ ನೋಡಿಲ್ಲಲ್ರಿ’ ಎಂದರು. ‘ಮೊದಲ ದಿನ ನೀವು ಗಾಡಿ ತಳ್ಳಿಕೊಂಡು ಬಂದಾಗ್ಲೇ ನೋಡಿದ್ದೆ. ಎಡಕ್ಕ ಭಾರ ಬಿಡ್ತಿರಲಿಲ್ಲ. ಕೇಳಿದೆ, ನೀವು ಸಿಟ್ಟಾದ್ರಿ. ಇಂಥವರು ಸಿಗ್ನಲ್ನಾಗ ಹೆಂಗ ನಿಲ್ತಾರ ಅಂತ ವಿಚಾರ ಮಾಡಿದೆ. ನಿಲ್ಲಂಗೇ ಇಲ್ಲ, ತೆವಳ್ತಾರ ಅನಿಸ್ತು. ತೆವಳೋದಕ್ಕ ಹೆಂಗ ಬೇಕೋ ಹಂಗ ಕೊರದೆ. ಹೇಳಿದ್ರ ಸಿಲಿಂಡರ್ ಕಸಗೊಂಡು ಹೋಗ್ತಿದ್ರಿ.’

ಹೌದು, ಹೋಗುತ್ತಿದ್ದೆ. ಮೇಜಿನ ಮೇಲಿನ ಕಾಗದಗಳನ್ನು ನನ್ನ ಕಡೆಗೆ ಎಳೆದುಕೊಂಡೆ. ನನ್ನ ಕಾಲನ್ನು ಯಾರೂ ಅಷ್ಟು ಸೂಕ್ಷ್ಮವಾಗಿ ನೋಡಿರಲಿಲ್ಲ, ನೋಡಿ ಅಷ್ಟು ಸುಮ್ಮನೆಯೂ ಇದ್ದಿರಲಿಲ್ಲ. ಎರಡು ವರ್ಷ ಆ ಮನುಷ್ಯನ ಲೆಕ್ಕಾಚಾರದ ಮೇಲೆ ಕೂತು ಓಡಾಡಿ, ಅವರನ್ನೇ ಕಳ್ಳ ಎಂದಿದ್ದೆ. ನಾನೇ ಎದುರಿಗೆ ಕೂತು ಅದನ್ನು ಉಜ್ಜಿಸಿ ಹಾಕಿದ್ದೆ.

‘ಇನ್ನೊಂದು ಸ್ಲೀವ್ ಹಾಕಿಕೊಡುತ್ತೀರಾ?’ ಎಂದೆ. ‘ಮೊದಲಿನ ಹಾಗೇ?’

‘ಹಾಕ್ತೀನಿ. ಕೈ ಇನ್ನೂ ಗಟ್ಟಿ ಐತಿ. ಆದ್ರ ಮೊದಲಿನ ಅಳತಿ ಈಗ ಎಲ್ಲೈತಿ? ನೀವೇ ಉಜ್ಜಿಸಿಬಿಟ್ರಿ.’

ಉಜ್ಜಿಸುವ ಮೊದಲು ತೆಗೆದಿದ್ದ ನನ್ನ ಕಿಂಡಿಯ ಕಾಗದವನ್ನು ಮುಂದೆ ತಳ್ಳಿದೆ. ಅವರು ಅದನ್ನು ಕಣ್ಣಿಗೆ ಅಂಟಿಸಿಕೊಂಡು ನೋಡಿ ವಾಪಸು ಕೊಟ್ಟರು. ‘ಪೆನ್ಸಿಲ್ ಗೆರಿ ದಪ್ಪ ಐತಿ, ಇದರಾಗ ಕೂದಲೆಳಿ ಕಾಣಂಗಿಲ್ಲ. ಅದೂ ಅಲ್ದ, ಅದು ನಾನು ಊಹೆ ಮಾಡಿ ಕೊರದದ್ದು. ಈಗ ಊಹೆ ಮಾಡಾಕ ಕಣ್ಣು ಕೊಡವಲ್ದು, ನೀವು ಹೊಡಿಯೋದು ನೋಡಿದ್ರೂ ಕಾಣಂಗಿಲ್ಲ. ನೀವೇ ಹೇಳ್ರಿ. ಎಷ್ಟು ಸಾವಕಾಶ ಹೋಗ್ತೀರಿ, ಎಷ್ಟು ಹೊತ್ತು, ಕಾಲು ಎಷ್ಟು ತಡೀತೈತಿ.’

ನಲವತ್ತೊಂಬತ್ತು ವರ್ಷದಲ್ಲಿ ನಾನು ಅದನ್ನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೆಣ್ಣು ನೋಡಲು ಹೋದಾಗ ನಮ್ಮ ದೊಡ್ಡಪ್ಪ ಹೇಳಿದ್ದರು, ನಾನು ಗೋಡೆ ನೋಡುತ್ತ ಕೂತಿದ್ದೆ. ಕೆಲಸಕ್ಕೆ ಸೇರುವಾಗ ವೈದ್ಯರ ಚೀಟಿ ಹೇಳಿತ್ತು. ಈಗ ಆಟೋನಗರದ ಶೆಡ್ಡಿನಲ್ಲಿ, ಪಕ್ಕದ ಲೇತ್ ಯಂತ್ರದ ಕಿರುಚಾಟದ ಮಧ್ಯೆ, ನನ್ನನ್ನು ಸರಿಯಾಗಿ ಕಾಣದ ಒಬ್ಬರ ಮುಂದೆ ಹೇಳತೊಡಗಿದೆ. ಮೊದಲು ತಡವರಿಸಿದೆ, ಆಮೇಲೆ ತಡೆಯಲಾಗಲಿಲ್ಲ. ಎಡಗಾಲು ಎಂದೆ. ಮಂಡಿ ಎಂದೆ. ಬಿಸಿಲಿನಲ್ಲಿ ಹೆಚ್ಚು ಸೋಲುತ್ತದೆ ಎಂದೆ. ಕೆಂಪು ದೀಪ ಕಂಡರೆ ಇಂದಿಗೂ ಅಂಗೈ ಬೆವರುತ್ತದೆ ಎಂದೆ. ಅವರು ತಲೆಯಾಡಿಸುತ್ತ, ಹೊಸ ಸ್ಲೀವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿಂದ ಅಳೆದು, ಮೊಳೆಯ ತುದಿಯಿಂದ ಒಂದು ಗೆರೆ ಗೀಚಿದರು.

‘ಇಲ್ಲಿ ತನಕ ಎಷ್ಟು ಸಲ ಬಿದ್ದೀರಿ?’ ಎಂದು ಕೇಳಿದರು.

ಹೆಂಡತಿಗೆ ಗೊತ್ತಿದ್ದದ್ದು ಒಂದು.

‘ಹನ್ನೊಂದು’ ಎಂದೆ.

ಅವರು ಮೊದಲ ಗೆರೆಯನ್ನು ಬೆರಳಿಂದ ತಡವಿ, ಅದಕ್ಕಿಂತ ಒಂದು ಕೂದಲೆಳೆಯಷ್ಟು ಕೆಳಗೆ ಇನ್ನೊಂದು ಗೆರೆ ಎಳೆದರು.